ಸಹಿ ಹಾಕೋ ಮುಂಚೆ: ಕೋಪರಖೈರಣೆಯವರಿಗೆ ಎಫ್‌ಎಸ್‌ಐ ಲೆಕ್ಕ

ಕೋಪರಖೈರಣೆಯಲ್ಲಿ ಸಿಡ್ಕೋ ಕಟ್ಟಿದ ಮನೆಗಳಲ್ಲಿ ಇರೋ ನಮ್ಮವರ ಬಾಯಲ್ಲಿ ಈಗ ಒಂದೇ ಮಾತು, ರೀಡೆವಲಪ್‌ಮೆಂಟ್. "3 ಎಫ್‌ಎಸ್‌ಐ ಸಿಗ್ತದಂತೆ, ಮನೆ ದೊಡ್ಡದಾಗ್ತದಂತೆ" ಅಂತ ಒಬ್ಬರು ಹೇಳಿದ್ದನ್ನು ಹತ್ತು ಜನ ಹೇಳ್ತಾರೆ. ಕಾಗದಪತ್ರ ಮರಾಠಿಯಲ್ಲೋ ಇಂಗ್ಲಿಷ್‌ನಲ್ಲೋ ಇರ್ತದೆ. ಮನೆಯಲ್ಲಿ ಉರ್ದು, ಊರಿಗೆ ಫೋನ್ ಮಾಡಿದರೆ ಕನ್ನಡ ಅನ್ನುವ ನಮ್ಮಂಥ ಕುಟುಂಬಗಳ ಹಿರಿಯರು ಅದನ್ನು ಓದದೇ ಸಹಿ ಹಾಕ್ತಾರೆ. ಆದ್ದರಿಂದ ಈ ನಿಯಮ ಏನು, ಎಲ್ಲಿ ಬದಲಾಗಿದೆ ಅಂತ ನಿಮಗೆ ಕನ್ನಡದಲ್ಲೇ ಹೇಳ್ತೀನಿ.

ಎಫ್‌ಎಸ್‌ಐ ಅಂದರೆ ಜಾಗಕ್ಕೂ ಅದರ ಮೇಲೆ ಕಟ್ಟಬಹುದಾದ ಒಟ್ಟು ಅಳತೆಗೂ ಇರುವ ಅನುಪಾತ, ಅಷ್ಟೇ. ಪ್ಲಾಟ್ 1,000 ಚದರ ಮೀಟರ್ ಇದ್ದು ಎಫ್‌ಎಸ್‌ಐ 1 ಆದರೆ ಎಲ್ಲ ಅಂತಸ್ತು ಸೇರಿ 1,000 ಚದರ ಮೀಟರ್ ಕಟ್ಟಬಹುದು. 2.5 ಆದರೆ 2,500. ಹೆಚ್ಚಾದ ಜಾಗದಲ್ಲಿ ಹಳೆಯ ನಿವಾಸಿಗಳಿಗೆ ಮನೆ ಕೊಟ್ಟು ಉಳಿದದ್ದನ್ನು ಬಿಲ್ಡರ್ ಮಾರ್ತಾನೆ. ನಿಮಗೆ 'ಪುಕ್ಕಟೆ' ಸಿಗೋ ಮನೆಯ ಖರ್ಚು ಹುಟ್ಟೋದು ಅಲ್ಲಿಂದಲೇ. ಹಾಗಾಗಿ ಎಫ್‌ಎಸ್‌ಐ ಎಷ್ಟು ಅನ್ನೋದು ಎಂಜಿನಿಯರ್ ಒಬ್ಬನ ಚಿಂತೆ ಅಲ್ಲ, ನಿಮ್ಮ ಅಡುಗೆಮನೆ ಎಷ್ಟು ಅಗಲ ಆಗ್ತದೆ ಅನ್ನೋ ಪ್ರಶ್ನೆ.

ಈ ಅಂಕಿ ಎರಡು ಸಲ ದೊಡ್ಡದಾಗಿ ಬದಲಾಯ್ತು. ವಾಶಿಯ ಜೆಎನ್-1, ಜೆಎನ್-2 ಮಾದರಿ ಸಿಡ್ಕೋ ಕಟ್ಟಡಗಳಲ್ಲಿ ಸ್ಲ್ಯಾಬ್ ಕಳಚಿ ಬೀಳೋದು ವರ್ಷಗಟ್ಟಲೆ ಸುದ್ದಿಯಾಗಿತ್ತು. ಕೊನೆಗೆ 2015ರ ಫೆಬ್ರವರಿಯಲ್ಲಿ ನವಿ ಮುಂಬೈಯ ಶಿಥಿಲ ಕಟ್ಟಡಗಳ ಮರುನಿರ್ಮಾಣಕ್ಕೆ 2.5ರವರೆಗೆ ಎಫ್‌ಎಸ್‌ಐ ಸಿಕ್ಕಿತು. ಆಮೇಲೆ 2020ರ ಡಿಸೆಂಬರ್‌ನಲ್ಲಿ ಮುಂಬೈ ಮಹಾನಗರಪಾಲಿಕೆ ಮತ್ತು ಇನ್ನು ಕೆಲವು ಪ್ರದೇಶ ಬಿಟ್ಟು ಇಡೀ ಮಹಾರಾಷ್ಟ್ರಕ್ಕೆ ಒಂದೇ ನಿಯಮಾವಳಿ ಬಂತು. ಯುಡಿಸಿಪಿಆರ್ ಅಂತ ಎಲ್ಲರೂ ಹೇಳೋದು ಇದನ್ನೇ.

ಇದರಲ್ಲಿ ಎಲ್ಲರೂ ನುಂಗಿ ಹಾಕೋ ವಿಷಯ ಒಂದಿದೆ: ರಸ್ತೆಯ ಅಗಲ. ಸಾಮಾನ್ಯ ನಿಯಮದಲ್ಲಿ ಮೂಲ ಎಫ್‌ಎಸ್‌ಐ 1.1 ಮಾತ್ರ. ಅದರ ಮೇಲೆ ಪ್ರೀಮಿಯಂ ಹಣ ಕಟ್ಟಿ ಸ್ವಲ್ಪ ಕೊಳ್ಳಬಹುದು, ರಸ್ತೆ-ಉದ್ಯಾನಕ್ಕೆ ಜಾಗ ಬಿಟ್ಟುಕೊಟ್ಟವರ ಹಕ್ಕನ್ನು, ಅಂದರೆ ಟಿಡಿಆರ್ ಅನ್ನು, ಕೊಂಡು ಇನ್ನಷ್ಟು ಸೇರಿಸಬಹುದು. ಎಷ್ಟು ಸೇರಿಸಬಹುದು ಅನ್ನೋದನ್ನು ಪ್ಲಾಟಿನ ಮುಂದಿನ ರಸ್ತೆ ತೀರ್ಮಾನಿಸ್ತದೆ. 30 ಮೀಟರ್ ರಸ್ತೆಯ ಮೇಲಿದ್ದರೆ ಒಟ್ಟು 3ರ ತನಕ ಹೋಗ್ತದೆ, 9ರಿಂದ 12 ಮೀಟರ್ ಆದರೆ 2. 9 ಮೀಟರಿಗಿಂತ ಕಿರಿದಾದರೆ ಅದೇ 1.1. ಈಗ ನೀವೇ ನಿಮ್ಮ ರೋ-ಹೌಸ್ ಗಲ್ಲಿಗೆ ಬಂದು ನಿಂತು ನೋಡಿ. ಎರಡು ರಿಕ್ಷಾ ಎದುರುಬದುರು ಬಂದರೆ ಒಂದು ಹಿಂದಕ್ಕೆ ಹೋಗ್ಬೇಕು. ಬಿಲ್ಡರ್ ಹೇಳೋ 3 ಅಲ್ಲಿಗೆ ಬರೋದಾದರೂ ಹೇಗೆ? ಹಲವು ಮನೆಗಳು ಒಟ್ಟಾಗಿ, ಜಾಗ ಕೂಡಿಸಿ, ದೊಡ್ಡ ರಸ್ತೆಗೆ ಮುಖ ಮಾಡಿದರೆ ಮಾತ್ರ ಲೆಕ್ಕ ಕೂಡ್ತದೆ. ಆದ್ದರಿಂದ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಎಫ್‌ಎಸ್‌ಐ ಎಷ್ಟು" ಅಲ್ಲ, "ಪಾಲಿಕೆಯ ನಕ್ಷೆಯಲ್ಲಿ ನಮ್ಮ ರಸ್ತೆ ಎಷ್ಟು ಮೀಟರ್" ಅಂತ.

ಎರಡನೇ ಬದಲಾವಣೆ ಒಪ್ಪಿಗೆಯದ್ದು. 2009ರ ಸುತ್ತೋಲೆ ಪ್ರಕಾರ ಸೊಸೈಟಿಯ 75% ಸದಸ್ಯರು ಒಪ್ಪಬೇಕಿತ್ತು. 2019ರ ಜುಲೈ 4ರ ಸರ್ಕಾರಿ ಆದೇಶ ಅದನ್ನು 51%ಕ್ಕೆ ಇಳಿಸಿತು. 40 ಸದಸ್ಯರ ಸೊಸೈಟಿ ಅಂದುಕೊಳ್ಳಿ. ಮೂರನೇ ಎರಡರಷ್ಟು ಕೋರಂ ಬೇಕು, ಅಂದರೆ 27 ಜನ ಬರಬೇಕು. 21 ಜನ ಹೂಂ ಅಂದರೆ ಮುಗೀತು, ಉಳಿದ 19 ಮನೆಯವರೂ ಖಾಲಿ ಮಾಡ್ಲೇಬೇಕು. ಸಿಂಗಾಪುರದಲ್ಲಿ ಖಾಸಗಿ ಅಪಾರ್ಟ್‌ಮೆಂಟ್ ಇಡಿಯಾಗಿ ಮಾರೋದಕ್ಕೂ 80% ಬೇಕು, ಕಟ್ಟಡಕ್ಕೆ ಹತ್ತು ವರ್ಷ ಆಗಿಲ್ಲದಿದ್ದರೆ 90%. ಒಬ್ಬನೇ ಹಠಮಾರಿ ನೂರು ಮನೆಯವರನ್ನು ಬೀಳೋ ಸ್ಲ್ಯಾಬಿನ ಕೆಳಗೆ ಕೂರಿಸಬಾರದು ಅನ್ನೋದು ಸರಿ. ಆದರೂ 51% ನನಗೆ ತೀರಾ ಸಲೀಸು ಅನ್ನಿಸ್ತದೆ, ಮುಖ್ಯವಾಗಿ ಅರ್ಧ ಜನ ಸಭೆಗೇ ಬರದ ನಮ್ಮ ಸೊಸೈಟಿಗಳಲ್ಲಿ. ಅದೇ ಆದೇಶದಲ್ಲಿ ನಿಮಗೆ ಅನುಕೂಲವಾದದ್ದೂ ಇದೆ: ಸಭೆಯ ವಿಡಿಯೊ ಚಿತ್ರೀಕರಣ ಆಗಬೇಕು, ಬಿಲ್ಡರ್ ಯೋಜನಾ ವೆಚ್ಚದ 20% ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಇವೆರಡನ್ನು ಕೇಳಿದರೆ ಯಾರೂ ನಿಮ್ಮನ್ನು ತಕರಾರಿನವರು ಅನ್ನೋ ಹಾಗಿಲ್ಲ.

ಇನ್ನೊಂದು ಗೊಂದಲ. ಕಟ್ಟಡ ಪರವಾನಗಿ ಕೊಡೋದು ನವಿ ಮುಂಬೈ ಮಹಾನಗರಪಾಲಿಕೆ, ಆದರೆ ಜಾಗ ಸಿಡ್ಕೋದ್ದು, 60 ವರ್ಷದ ಲೀಸ್ ಮೇಲೆ ಕೊಟ್ಟದ್ದು. ಅದಕ್ಕೆ ಸಿಡ್ಕೋ ಎನ್‌ಒಸಿ ಬೇರೆಯಾಗಿ ಬೇಕು. ಹಾಗೇ ಕಟ್ಟಡ 'ಸಿ-1' ಅಂದರೆ ಅತಿ ಅಪಾಯಕಾರಿ ಎಂದು ಪಟ್ಟಿಗೆ ಬಂದರೆ ತಕ್ಷಣ ಖಾಲಿ ಮಾಡಬೇಕು. 'ಸಿ-2ಬಿ' ಆದರೆ ಒಳಗಿದ್ದುಕೊಂಡೇ ರಿಪೇರಿ ಮಾಡಿಸಬಹುದು. ಸ್ಟ್ರಕ್ಚರಲ್ ಆಡಿಟ್ ವರದಿಯಲ್ಲಿ ಯಾವ ಅಕ್ಷರ ಇದೆ ಅಂತ ಕಣ್ಣಾರೆ ನೋಡಿ.

ಇಷ್ಟೂ ಮಾಲೀಕರ ಮಾತಾಯ್ತು. ಬಾಡಿಗೆಗೆ ಇರೋರು? ಮುಂಬೈಯ ಭೆಂಡಿ ಬಜಾರ್‌ನಲ್ಲಿ 16.5 ಎಕರೆಯ ಸುಮಾರು 250 ಹಳೇ ಕಟ್ಟಡಗಳನ್ನು ಸೈಫಿ ಬುರ್ಹಾನಿ ಟ್ರಸ್ಟ್ ಮರುನಿರ್ಮಾಣಕ್ಕೆ ತೆಗೆದುಕೊಂಡಾಗ ಬಾಡಿಗೆದಾರರಿಗೂ ಹೊಸ ಮನೆಯ ಹಕ್ಕಿತ್ತು. ಅವರು ಪಗಡಿ ಬಾಡಿಗೆದಾರರು, ಬಾಡಿಗೆ ಕಾನೂನಿನ ರಕ್ಷಣೆ ಇದ್ದವರು. ಕೋಪರಖೈರಣೆಯ ಬಾಡಿಗೆದಾರರ ಕೈಯಲ್ಲಿ ಇರೋದು 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು. ಸೊಸೈಟಿಯಲ್ಲಿ ವೋಟಿಲ್ಲ, ಹೊಸ ಕಟ್ಟಡದಲ್ಲಿ ಪಾಲಿಲ್ಲ, ಮಾಲೀಕನಿಗೆ ಬಿಲ್ಡರ್ ಕೊಡೋ ಬಾಡಿಗೆ ಹಣದಲ್ಲೂ ಇಲ್ಲ. ಶಾಲಾ ವರ್ಷದ ನಡುವೆ ಟಿಸಿ ಕೇಳ್ಕೊಂಡು ಬರೋ ತಾಯಂದಿರಲ್ಲಿ ಹೆಚ್ಚಿನವರು ಇಂಥ ಮನೆಗಳವರೇ, ಇದನ್ನು ನಾನು ಟೀಚರ್ ಆಗಿ ನೋಡ್ತಾ ಇದ್ದೀನಿ.

ಹಾಗಾಗಿ ಬಾಡಿಗೆಗೆ ಇದ್ದರೆ ಎರಡು ಕೆಲಸ ಮಾಡಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಕರಾರನ್ನು ನೋಂದಣಿ ಮಾಡಿಸೋದು ಮಾಲೀಕನ ಜವಾಬ್ದಾರಿ. ಮಾಡಿಸದಿದ್ದರೆ, ಬೇರೆ ಸಾಬೀತಾಗೋ ತನಕ, ಷರತ್ತುಗಳ ಬಗ್ಗೆ ನೀವು ಹೇಳಿದ್ದೇ ನಿಲ್ತದೆ. ಡಿಪಾಸಿಟ್ ವಾಪಸಿನ ಜಗಳದಲ್ಲಿ ಇದು ದೊಡ್ಡ ಆಸರೆ. ಮತ್ತೆ ಕರಾರು ನವೀಕರಿಸೋವಾಗ ಸೊಸೈಟಿ ಠರಾವು ಆಗಿದೆಯಾ ಅಂತ ನೇರ ಕೇಳಿ. ಆಗಿದ್ದರೆ ಮನೆ ಬಿಡೋ ತಾರೀಖು ಮೇ ತಿಂಗಳಲ್ಲಿ ಬರೋ ಹಾಗೆ ಬರೆಸಿಕೊಳ್ಳಿ. ಶಾಲೆ ಶುರುವಾಗೋದು ಜೂನ್‌ನಲ್ಲಿ.