ಮಾದರಿ ಫಿರಂಗಿಗೆ ಮರೆಮಾಚುವ ಬಲೆ



ಸೇನಾ ವಾಹನಗಳ ಮಾದರಿ ಜೋಡಿಸುವ ಮಕ್ಕಳು ನಮ್ಮ ಸದಸ್ಯರ ಮನೆಗಳಲ್ಲೂ ಇರಬಹುದು. ಅವರಿಗಾಗಿ ಈ ಟಿಪ್ಪಣಿ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಫಿರಂಗಿಗಳ ಮೇಲೆ ಬಲೆ ಹರಡಿ, ಅದಕ್ಕೆ ಬಣ್ಣದ ಗೋಣಿಪಟ್ಟಿ ಸಿಕ್ಕಿಸುತ್ತಿತ್ತು. ವಿಮಾನದಿಂದ ನೋಡುವವನಿಗೆ ಫಿರಂಗಿಯ ಗುಟ್ಟು ಬಿಟ್ಟುಕೊಡುವುದು ಅದರ ಆಕಾರ ಮತ್ತು ನೆರಳು. ಅವೆರಡನ್ನೂ ಕದಡುವುದೇ ಬಲೆಯ ಕೆಲಸ.

ಔಷಧಿ ಅಂಗಡಿಯ ತೆಳು ಬ್ಯಾಂಡೇಜ್ ಬಟ್ಟೆ ಸಾಕು. 1:35 ಅಳತೆಯಲ್ಲಿ 2 ಮಿ.ಮೀ. ಕಣ್ಣು ಎಂದರೆ ನಿಜದಲ್ಲಿ 7 ಸೆಂ.ಮೀ. ಕಣ್ಣು ಚಿಕ್ಕದಿದ್ದರೆ ನಡುನಡುವೆ ಎಳೆ ತೆಗೆಯಿರಿ. ಮಾದರಿಯ ಸುತ್ತ ಹಲ್ಲುಕಡ್ಡಿಗಳನ್ನು ಕಂಬವಾಗಿ ನಿಲ್ಲಿಸಿ. ಫೆವಿಕಾಲ್‌ಗೆ ನೀರು ಬೆರೆಸಿ, ಬಟ್ಟೆ ಅದ್ದಿ, ಕಂಬಗಳ ಮೇಲೆ ಹರಡಿ. ಒದ್ದೆಯಿರುವಾಗಲೇ ಸಣ್ಣಗೆ ಕತ್ತರಿಸಿದ ಟಿಶ್ಯೂ ಕಾಗದ ಅಥವಾ ಸೋಸಿ ಒಣಗಿಸಿದ ಚಹಾಪುಡಿ ಉದುರಿಸಿ. ನಡುವೆ ದಟ್ಟವಾಗಿರಲಿ, ಅಂಚಿಗೆ ಹೋದಂತೆ ವಿರಳವಾಗಲಿ. ಎಲ್ಲೆಡೆ ಒಂದೇ ಸಮನಾಗಿದ್ದರೆ ಬಲೆಯ ಅಂಚೇ ಎದ್ದು ಕಾಣುತ್ತದೆ. ರಾತ್ರಿಯಿಡೀ ಒಣಗಿಸಿ, ಮೊದಲು ಗಾಢ ಹಸಿರು ಅಥವಾ ಕಂದು, ಮೇಲೆ ತುಸು ತಿಳಿಬಣ್ಣ ಹಚ್ಚಿ.

"ಇಷ್ಟು ಕಷ್ಟಪಟ್ಟು ಜೋಡಿಸಿದ್ದನ್ನು ಮುಚ್ಚಬೇಕೇ?" ಎಂದು ಮಕ್ಕಳು ಕೇಳಿಯಾರು. ಮುಚ್ಚಲೇಬೇಕು. ನಿಜವಾದ ಬಲೆಯ ಕೆಳಗೆ ಫಿರಂಗಿಯಷ್ಟೇ ಇರಲಿಲ್ಲ, ಅದನ್ನು ನಡೆಸುವ ಹುಡುಗರ ಜೀವವೂ ಇತ್ತು ಎಂದು ಹೇಳೋಣ.

– ಕಾರ್ಯದರ್ಶಿ