ಮ್ಯಾಂಚೆಸ್ಟರಿನ ಅಹವಾಲು, ನಮ್ಮ ಬಟ್ಟೆಯ ಬೆಲೆ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರುವ ಹಿರಿಯರನ್ನು ಕೇಳಿ ನೋಡಿ. ಹತ್ತಿ ಗಿರಣಿಗಳ ಕಾಲವನ್ನು ಅವರು ಮರೆತಿರಲಾರರು. ಆ ಗಿರಣಿಗಳ ದೆಸೆಯಿಂದಲೇ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಬಂದಿತು. ಗಿರಣಿಗಳು ಒಂದೊಂದಾಗಿ ನಿಂತವು, ಬಿರುದು ಉಳಿಯಿತು. ಆದರೆ ಇಂಗ್ಲೆಂಡಿನ ಆ ಮೂಲ ಮ್ಯಾಂಚೆಸ್ಟರ್ ನಮ್ಮ ದೇಶದ ಗಿರಣಿಗಳ ವಿಷಯದಲ್ಲಿ ಹೇಗೆ ನಡೆದುಕೊಂಡಿತು, ಬಲ್ಲಿರಾ?

ಸುಂಕವೆಂದರೆ ಸರ್ಕಾರ ತನ್ನ ಬೊಕ್ಕಸಕ್ಕಾಗಿ ಹಾಕುವ ತೆರಿಗೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಅದರ ಹಿಂದೆ ಅನೇಕ ವೇಳೆ ವರ್ತಕರ ಅಹವಾಲು ಇರುತ್ತದೆ. ಶಾಸನಸಭೆಯ ಮೊಗಸಾಲೆಗೆ ಇಂಗ್ಲಿಷಿನಲ್ಲಿ ‘ಲಾಬಿ’ ಎಂದು ಹೆಸರು. ಅಲ್ಲಿ ಸದಸ್ಯರನ್ನು ಕಂಡು ತಮ್ಮ ಕೆಲಸ ಸಾಧಿಸಿಕೊಳ್ಳುವ ಪ್ರಯತ್ನಕ್ಕೂ ಅದೇ ಹೆಸರು ನಿಂತಿತು.

1874ರಲ್ಲಿ ಮ್ಯಾಂಚೆಸ್ಟರಿನ ವಾಣಿಜ್ಯ ಮಂಡಲಿಯವರು ಲಂಡನ್ನಿನಲ್ಲಿದ್ದ ಭಾರತ ಮಂತ್ರಿಗೆ ಒಂದು ಮನವಿ ಸಲ್ಲಿಸಿದರು. ಆಗ ಭಾರತಕ್ಕೆ ಬರುವ ಹತ್ತಿ ಬಟ್ಟೆಯ ಮೇಲೆ ಶೇಕಡಾ 5, ನೂಲಿನ ಮೇಲೆ ಶೇಕಡಾ ಮೂರೂವರೆ ಸುಂಕವಿತ್ತು. ಮುಂಬಯಿಯಲ್ಲಿ ಗಿರಣಿಗಳು ತಲೆಯೆತ್ತುತ್ತಿದ್ದವು. ಈ ಸುಂಕ ಅವುಗಳಿಗೆ ಆಸರೆಯಾಗುತ್ತಿದೆ, ಇದನ್ನು ತೆಗೆಯಬೇಕು ಎಂಬುದು ಅವರ ವಾದ. 1877ರಲ್ಲಿ ಪಾರ್ಲಿಮೆಂಟಿನ ಕಾಮನ್ಸ್ ಸಭೆಯೂ, ಹಣಕಾಸಿನ ಸ್ಥಿತಿ ಅನುಕೂಲವಾದ ಕೂಡಲೇ ಈ ಸುಂಕ ಹೋಗತಕ್ಕದ್ದೆಂದು ನಿರ್ಣಯ ಮಾಡಿತು. ಲ್ಯಾಂಕಾಷೈರಿನ ಗಿರಣಿ ಊರುಗಳಿಗೆ ಪಾರ್ಲಿಮೆಂಟಿನಲ್ಲಿ ಸದಸ್ಯರಿದ್ದರು. ಭಾರತಕ್ಕೆ ಅಲ್ಲಿ ಮತವಿರಲಿಲ್ಲ.

ಆ ದಿನಗಳು ಎಂತಹವು? 1876ರಿಂದ 78ರವರೆಗಿನ ಮಹಾಕ್ಷಾಮ ಮೈಸೂರು ಸೀಮೆಯನ್ನು ಹಾಳುಗೆಡವಿತ್ತು. ಆಫ್ಘಾನಿಸ್ತಾನದ ಯುದ್ಧದ ಖರ್ಚು ಬೇರೆ. ಆದರೂ 1879ರಲ್ಲಿ ವೈಸರಾಯ್ ಲಿಟ್ಟನ್ ತನ್ನ ಮಂತ್ರಾಲೋಚನಾ ಸಭೆಯ ಬಹುಮತವನ್ನು ತಳ್ಳಿಹಾಕಿ ಒರಟು ಬಟ್ಟೆಯ ಆಮದು ಸುಂಕವನ್ನು ತೆಗೆದನು. 1882ರಲ್ಲಿ ಉಳಿದ ಹತ್ತಿ ಸುಂಕವೂ ಹೋಯಿತು.

ಬೊಕ್ಕಸ ಬರಿದಾದಾಗ, 1894ರಲ್ಲಿ, ಸುಂಕ ಮತ್ತೆ ಬಂದಿತು. ಆದರೆ ಜೊತೆಗೆ ಭಾರತದ ಗಿರಣಿಗಳ ನಯವಾದ ನೂಲಿನ ಮೇಲೂ ಅಷ್ಟೇ ತೆರಿಗೆ ಬಿದ್ದಿತು. ಲ್ಯಾಂಕಾಷೈರಿಗೆ ಇದೂ ಸಾಲದಾಯಿತು. 1896ರಲ್ಲಿ ಆಮದು ಬಟ್ಟೆಗೆ ಶೇಕಡಾ ಮೂರೂವರೆ, ನಮ್ಮ ಗಿರಣಿಗಳ ಬಟ್ಟೆಗೂ ಶೇಕಡಾ ಮೂರೂವರೆ ಎಂದು ಗೊತ್ತಾಯಿತು.

ಇದರ ಲೆಕ್ಕ ಸುಲಭ. ಪರದೇಶದ ನೂರು ರೂಪಾಯಿ ಬಟ್ಟೆಗೆ ಮೂರೂವರೆ ರೂಪಾಯಿ ಸುಂಕ ಬಿದ್ದರೆ ಸ್ವದೇಶದ ಬಟ್ಟೆಗೆ ಅಷ್ಟರಮಟ್ಟಿನ ಆಸರೆ. ಸ್ವದೇಶದ ಬಟ್ಟೆಗೂ ಅದೇ ಮೂರೂವರೆ ಬಿದ್ದರೆ ಆಸರೆ ಸೊನ್ನೆ. ಕೊಳ್ಳುವವನಿಗೆ ಎರಡೂ ದುಬಾರಿ. ನಮ್ಮ ಗಿರಣಿಗಳಲ್ಲಿ ಹೆಚ್ಚಾಗಿ ತಯಾರಾಗುತ್ತಿದ್ದುದು ಬಡವರು ಉಡುವ ಒರಟು ಬಟ್ಟೆ. ಲ್ಯಾಂಕಾಷೈರಿನ ನಯವಾದ ಬಟ್ಟೆಗೂ ಅದಕ್ಕೂ ಹೆಚ್ಚಿನ ಪೈಪೋಟಿಯೇ ಇರಲಿಲ್ಲ. ತೆರಿಗೆ ಮಾತ್ರ ಬಡವನ ಪಂಚೆಯ ಮೇಲೆ ಬಿದ್ದಿತು.

1917ರಲ್ಲಿ, ಮಹಾಯುದ್ಧಕ್ಕೆ ಭಾರತ ಹತ್ತು ಕೋಟಿ ಪೌಂಡು ಕೊಡುವ ಹೊರೆ ಹೊತ್ತಾಗ, ಆಮದು ಸುಂಕ ಶೇಕಡಾ ಏಳೂವರೆಗೆ ಏರಿತು. ಒಳನಾಡಿನ ತೆರಿಗೆ ಏರಲಿಲ್ಲ. ಲ್ಯಾಂಕಾಷೈರಿನ ನಿಯೋಗ ಭಾರತ ಮಂತ್ರಿ ಆಸ್ಟೆನ್ ಚೇಂಬರ್ಲೇನರಲ್ಲಿಗೆ ಧಾವಿಸಿತು. ಈ ಸಲ ಅವರು ಮಣಿಯಲಿಲ್ಲ. ಒಳನಾಡಿನ ತೆರಿಗೆ 1925ರ ಕೊನೆಯಲ್ಲಿ ನಿಂತು 1926ರಲ್ಲಿ ರದ್ದಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಅಹವಾಲಿನ ಬೀದಿ ಬದಲಾಯಿತು. ಅಮೆರಿಕದ ಗಿರಣಿ ಮಾಲೀಕರು ತಮ್ಮ ಸರ್ಕಾರದ ಮೇಲೆ ಒತ್ತಡ ತಂದರು. ಹತ್ತಿ ಬಟ್ಟೆಯ ವ್ಯಾಪಾರಕ್ಕೆ 1962ರಲ್ಲಿ ದೀರ್ಘಾವಧಿಯ ಅಂತರರಾಷ್ಟ್ರೀಯ ಒಪ್ಪಂದವಾಯಿತು. 1974ರಲ್ಲಿ ಅದು ಇತರ ನಾರುಗಳಿಗೂ ಹಬ್ಬಿತು. ಶ್ರೀಮಂತ ದೇಶಗಳು ಎಷ್ಟು ಬಟ್ಟೆ ಕೊಳ್ಳಬೇಕೆಂಬುದಕ್ಕೆ ಮಿತಿ ಬಿದ್ದಿತು. ಈ ಕಟ್ಟು ಪೂರ್ತಿಯಾಗಿ ಸಡಿಲವಾದುದು 2005ರ ಜನವರಿ 1ರಂದು.

ಅಹವಾಲು ಹೇಳುವುದೇ ತಪ್ಪೆಂದು ಇದರಿಂದ ತಿಳಿಯಬಾರದು. ನಾವೂ ಹೇಳುತ್ತೇವೆ. ಹರಿಹರದ ಎದುರು ದಡದ ಕುಮಾರಪಟ್ಟಣಂನಲ್ಲಿ ವಿಸ್ಕೋಸ್ ನಾರು ತಯಾರಾಗುತ್ತದೆ. ಚೀನ, ಇಂಡೊನೇಷ್ಯಗಳಿಂದ ಇಂತಹ ನಾರು ತೀರ ಅಗ್ಗವಾಗಿ ಬಂದು ಸುರಿಯುತ್ತಿದೆಯೆಂಬ ದೂರಿನ ಮೇಲೆ 2010ರಲ್ಲಿ ನಮ್ಮ ಸರ್ಕಾರ ವಿಶೇಷ ಸುಂಕ ಹಾಕಿತು. ನಾರು ತಯಾರಿಸುವವರಿಗೆ ಅದು ರಕ್ಷೆ. ಅದೇ ನಾರನ್ನು ಕೊಂಡು ನೂಲುವವರಿಗೆ ಭಾರ. ಸುಂಕ ಮುಂದುವರಿಯಲೆಂದು 2021ರಲ್ಲಿ ವಿಚಾರಣಾಧಿಕಾರಿಗಳು ಶಿಫಾರಸು ಮಾಡಿದರೂ ಹಣಕಾಸು ಸಚಿವಾಲಯ ಆ ವರ್ಷದ ಆಗಸ್ಟಿನಲ್ಲಿ ಅದನ್ನು ತೆಗೆದುಹಾಕಿತು. ಈ ವಿಚಾರಣೆಯಲ್ಲಿ ಕೇಳಿದವರಿಗೂ ಬೇಡವೆಂದವರಿಗೂ ಮಾತಾಡುವ ಅವಕಾಶವಿತ್ತು. 1874ರಲ್ಲಿ ಇಲ್ಲದಿದ್ದುದು ಇದೇ.

ಮುಂದೆ ಬಜೆಟ್ಟಿನ ದಿನ ರೇಡಿಯೋದ ಮುಂದೆ ಕುಳಿತಾಗ, ಯಾವ ಸಾಮಾನು ಅಗ್ಗ, ಯಾವುದು ತುಟ್ಟಿ ಎಂದು ಕೇಳಿ ಏಳಬೇಡಿ. ಈ ಸುಂಕ ಬೇಕೆಂದವರು ಯಾರು, ಇದನ್ನು ತೆರುವವರು ಯಾರು, ಅವರ ಮಾತನ್ನು ಯಾರಾದರೂ ಕೇಳಿದರೇ ಎಂದೂ ವಿಚಾರ ಮಾಡಿ. ಬಟ್ಟೆ ಉಡುವವರಿಗೆ ಸಂಘವಿಲ್ಲ, ನಿಯೋಗವಿಲ್ಲ. ಅವರ ಪರವಾಗಿ ವಿಚಾರಿಸಬೇಕಾದವರು ನಾವೇ.