ಮೆದುಳಿಗೆ ಬರಬೇಕಾದ ಮದ್ದು ಯಕೃತ್ತಿನಲ್ಲಿ ನಿಂತಿದೆ

ಹೊಟ್ಟೆಯ ಚರ್ಮದಡಿ ಒಂದು ಇಂಜೆಕ್ಷನ್. ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷಕ್ಕೆ ಎರಡೇ ಎರಡು. ಇಷ್ಟಕ್ಕೇ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇನ್‌ಕ್ಲಿಸಿರಾನ್ ಎಂಬ ಈ ಔಷಧಕ್ಕೆ 2020ರ ಡಿಸೆಂಬರ್‌ನಲ್ಲಿ ಯುರೋಪ್, ಮರುವರ್ಷ ಅಮೆರಿಕ ಒಪ್ಪಿಗೆ ಕೊಟ್ಟವು. ಈಗ ಭಾರತದಲ್ಲೂ ಸಿಗುತ್ತದೆ. ನಮಗೆ ಅದು ಇನ್ನೊಂದು ದುಬಾರಿ ಇಂಜೆಕ್ಷನ್ ಅಷ್ಟೆ. ವಿಜ್ಞಾನಿಗಳು ಅದರ ಬಗ್ಗೆ ಮಾತಾಡುವ ಕಾರಣ ಬೇರೆ. ಅದು ಪಿಸಿಎಸ್‌ಕೆ9 ಎಂಬ ಜೀನನ್ನು ತಿದ್ದುವುದೂ ಇಲ್ಲ, ಕತ್ತರಿಸುವುದೂ ಇಲ್ಲ. ಬಾಯಿ ಮುಚ್ಚಿಸುತ್ತದೆ.

ಲಕ್ವ ಹೊಡೆದ ಮೆದುಳಿನಲ್ಲಿ ಹಾನಿ ಮಾಡುವ ಜೀನ್‌ಗಳ ಬಾಯನ್ನೂ ಹೀಗೆ ಮುಚ್ಚಿಸಬಹುದೇ? ಪ್ರಯೋಗಾಲಯದ ಇಲಿ ಹೌದೆನ್ನುತ್ತದೆ. ಇಲಿಯ ಮಾತನ್ನು ಎಷ್ಟು ನಂಬಬೇಕು ಎಂಬುದು ಮುಂದಿನ ವಿಚಾರ.

ಈ ವಿದ್ಯೆ ಶುರುವಾದದ್ದು ಹೂವಿನಿಂದ. 1990ರಲ್ಲಿ ಅಮೆರಿಕದ ರಿಚರ್ಡ್ ಜಾರ್ಗೆನ್‌ಸನ್, ಕ್ಯಾರೊಲಿನ್ ನಪೋಲಿ ಮತ್ತು ಸಂಗಡಿಗರು ಪೆಟೂನಿಯಾ ಗಿಡಕ್ಕೆ ಬಣ್ಣದ ಜೀನಿನ ಇನ್ನೊಂದು ಪ್ರತಿ ಸೇರಿಸಿದರು. ನೇರಳೆ ಇನ್ನಷ್ಟು ಗಾಢವಾಗಲಿ ಎಂಬುದು ಆಸೆ. ಹೂವು ಬೆಳ್ಳಗಾಯಿತು. ಎರಡು ಪ್ರತಿಗಳೂ ಮೂಕವಾಗಿದ್ದವು. ಎಂಟು ವರ್ಷದ ಮೇಲೆ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಒಂದು ಪುಟ್ಟ ಹುಳುವಿನಲ್ಲಿ ಇದರ ಗುಟ್ಟು ಬಿಡಿಸಿದರು: ಎರಡೆಳೆಯ ಆರ್‌ಎನ್‌ಎ ತುಣುಕು ಕೋಶದೊಳಗೆ ಹೊಕ್ಕರೆ ಅದಕ್ಕೆ ಹೊಂದುವ ಜೀನು ಸುಮ್ಮನಾಗುತ್ತದೆ. 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಪಿ.ವಿ. ಶಿವಪ್ರಸಾದ್ ಅವರ ಪ್ರಯೋಗಾಲಯ ಇಂಥ ಕಿರು ಆರ್‌ಎನ್‌ಎಗಳನ್ನು ಭತ್ತದಲ್ಲಿ ಅಭ್ಯಾಸ ಮಾಡುತ್ತಿದೆ.

ಕೆಲಸ ನಡೆಯುವ ರೀತಿ ತಿಳಿಯಬೇಕಿದ್ದರೆ ಶಿವಾಜಿನಗರದ ಯಾವುದಾದರೂ ದರ್ಶಿನಿಗೆ ಹೋಗಿ. ಗಲ್ಲಾದಲ್ಲಿ ಚೀಟಿ ಹರಿದು ಕೊಡುತ್ತಾರೆ, ಚೀಟಿ ಅಡುಗೆಯವನ ಕೈ ಸೇರಿದರೆ ದೋಸೆ ಬರುತ್ತದೆ. ಜೀನು ಗಲ್ಲಾದಲ್ಲಿ ಕೂತಿರುವಂಥದ್ದು; ಅದು ಹೊರಡಿಸುವ ಚೀಟಿಯೇ ಸಂದೇಶವಾಹಕ ಆರ್‌ಎನ್‌ಎ; ದೋಸೆಯೇ ಪ್ರೋಟೀನು. ಇಪ್ಪತ್ತು ಚಿಲ್ಲರೆ ಅಕ್ಷರಗಳ ಎಸ್‌ಐಆರ್‌ಎನ್‌ಎ ಎಂಬ ಕಿರು ಆರ್‌ಎನ್‌ಎ ದಾರಿಯಲ್ಲೇ ಆ ಚೀಟಿಯನ್ನು ಹುಡುಕಿ ಹರಿದುಹಾಕುತ್ತದೆ. ಆದರೆ ಆಗಲೇ ಟೇಬಲ್ಲಿಗೆ ಬಂದ ದೋಸೆಯನ್ನು ಅದು ವಾಪಸ್ ಕಳಿಸಲಾರದು. ಲಕ್ವದ ಮಟ್ಟಿಗೆ ಈ ಕೊನೆಯ ಮಾತೇ ಮುಖ್ಯ.

ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ರಘು ವೇಮುಗಂಟಿ ಅವರ ತಂಡ ಈ ದಾರಿಯಲ್ಲಿ ಬಹಳ ದೂರ ನಡೆದಿದೆ. ಮೆದುಳಿಗೆ ರಕ್ತ ನಿಂತ ಮೇಲೆ ಫಾಸ್‌ಡಿಟಿ ಎಂಬ ಉದ್ದನೆಯ ಆರ್‌ಎನ್‌ಎ ಒಂದು ಏರುತ್ತದೆ, ಅದನ್ನು ಎಸ್‌ಐಆರ್‌ಎನ್‌ಎಯಿಂದ ಅಡಗಿಸಿದರೆ ಇಲಿಗಳಲ್ಲಿ ಹಾನಿ ಕಡಿಮೆ, ಚಲನೆ ಉತ್ತಮ ಎಂದು 2015ರಲ್ಲಿ ಪ್ರಕಟಿಸಿದರು. ಮರುವರ್ಷ ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಸರು ಕೆಡಿಸಿಕೊಂಡ ಆಲ್ಫಾ-ಸೈನುಕ್ಲೀನ್ ಪ್ರೋಟೀನಿನ ಸರದಿ. ಅದೂ ಲಕ್ವದ ನಂತರ ಹೆಚ್ಚುತ್ತದೆ, ಅದನ್ನು ತಡೆದರೂ ಇಲಿಗಳಲ್ಲಿ ಹಾನಿ ಕಡಿಮೆ.

ಹಿಗ್ಗುವ ಮೊದಲು ಹಳೆಯ ಲೆಕ್ಕ ನೋಡಬೇಕು. ಲಕ್ವದಲ್ಲಿ ಮೆದುಳು ಕಾಯಲು ಅಲ್ಲಿಯವರೆಗೆ ಪ್ರಯೋಗಿಸಿದ್ದ ಚಿಕಿತ್ಸೆಗಳನ್ನು 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಎಣಿಸಿದರು: 1,026. ಪ್ರಾಣಿಗಳಲ್ಲಿ ಗೆದ್ದವು ಎಷ್ಟೋ. ಮನುಷ್ಯರಲ್ಲಿ ನರಕೋಶ ಕಾಯುವ ಔಷಧವೆಂದು ಜಗತ್ತೆಲ್ಲ ಒಪ್ಪಿದ್ದು ಒಂದೂ ಇರಲಿಲ್ಲ. ಎನ್‌ಎಕ್ಸ್‌ವೈ-059 ಎಂಬುದು ಅದೇ ವರ್ಷ ಮೊದಲ ದೊಡ್ಡ ಪರೀಕ್ಷೆಯಲ್ಲಿ ಆಸೆ ಹುಟ್ಟಿಸಿ, ಆಮೇಲೆ 3,000ಕ್ಕೂ ಹೆಚ್ಚು ರೋಗಿಗಳ ಎರಡನೇ ಪರೀಕ್ಷೆಯಲ್ಲಿ ಮಕಾಡೆ ಮಲಗಿತು. ಲಕ್ವದ ಔಷಧದ ಸುದ್ದಿ ಓದುವಾಗ ‘ಇಲಿಗಳಲ್ಲಿ’ ಎಂಬ ಪದ ಎಲ್ಲಿದೆ ಎಂದು ನಾನು ಮೊದಲು ಹುಡುಕುವುದು ಇದಕ್ಕೇ.

ಎಸ್‌ಐಆರ್‌ಎನ್‌ಎಗೆ ಇನ್ನೂ ಎರಡು ತೊಡಕುಗಳಿವೆ. ಮೊದಲನೆಯದು ದಾರಿ. ಯಕೃತ್ತಿನ ಕೋಶಗಳು ಒಂದು ಬಗೆಯ ಸಕ್ಕರೆಯನ್ನು ಗುರುತಿಸಿ ಒಳಗೆಳೆದುಕೊಳ್ಳುತ್ತವೆ. ಔಷಧಕ್ಕೆ ಆ ಸಕ್ಕರೆ ಅಂಟಿಸಿದರೆ ತಾನಾಗಿ ಅಲ್ಲಿಗೆ ಹೋಗುತ್ತದೆ. ಇನ್‌ಕ್ಲಿಸಿರಾನ್ ಕೆಲಸ ಮಾಡುವುದೇ ಹಾಗೆ. ಮೆದುಳಿನ ರಕ್ತನಾಳಗಳ ಗೋಡೆ ಅಷ್ಟು ಸಲೀಸಲ್ಲ. ವೇಮುಗಂಟಿ ತಂಡ ಇಲಿಗಳ ಮೆದುಳಿಗೇ ನೇರ ಚುಚ್ಚಿತು. ಕೈಕಾಲು ಬಿದ್ದು ತುರ್ತು ಘಟಕಕ್ಕೆ ಬಂದವರಿಗೆ ಅದು ಆಗುವ ಮಾತಲ್ಲ.

ಎರಡನೆಯದು ಹೊತ್ತು. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ ಎಂದು ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಕೊಟ್ಟರು. ಚೀಟಿ ಹರಿದು, ಇರುವ ಪ್ರೋಟೀನು ಕರಗುವುದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಹಾಗಾಗಿ ಈ ವಿದ್ಯೆ ಮೊದಲ ಪೆಟ್ಟನ್ನು ತಡೆಯಲಾರದು. ಆಮೇಲೆ ದಿನಗಟ್ಟಲೆ ನಡೆಯುವ ಉರಿಯೂತ, ಬಾವು, ನಿಧಾನ ಸಾವು ಇವುಗಳನ್ನು ತಡೆಯುವುದು ಅದಕ್ಕೆ ಒಗ್ಗುವ ಕೆಲಸ.

ಮೊದಲ ಪೆಟ್ಟಿಗೆ ಇವತ್ತು ಇರುವ ಮದ್ದು ಹೆಪ್ಪು ಕರಗಿಸುವ ಇಂಜೆಕ್ಷನ್, ನಾಲ್ಕೂವರೆ ಗಂಟೆಯೊಳಗೆ. ಕೆಲವರಲ್ಲಿ ತೊಡೆಯ ನಾಳದಿಂದ ಕೊಳವೆ ಏರಿಸಿ ಹೆಪ್ಪು ಎಳೆದು ತೆಗೆಯುವುದೂ ಉಂಟು. ಹೊಸಕೋಟೆ ಕಡೆಯಿಂದ ಬರುವ ಆಂಬುಲೆನ್ಸ್ ಕೆ.ಆರ್. ಪುರದ ತೂಗುಸೇತುವೆ ಇಳಿದು ಟಿನ್ ಫ್ಯಾಕ್ಟರಿಯಲ್ಲಿ ಇಪ್ಪತ್ತು ನಿಮಿಷ ನಿಂತರೆ, ಸೇವರ್ ಲೆಕ್ಕದಲ್ಲಿ 3.8 ಕೋಟಿ ಕೋಶ ಹೋದವು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ತುಂಡು ಕೂಡಿಕೊಂಡ ಮೇಲೆ ಆಫೀಸಿಗೆ ಹೋಗುವವರು ಮೆಟ್ರೊದಲ್ಲಿ ಇಂದಿರಾನಗರಕ್ಕೆ ಸಲೀಸಾಗಿ ಹೋಗುತ್ತಾರೆ. ರೋಗಿ ಮಾತ್ರ ಕೆಳಗಿನ ರಸ್ತೆಯಲ್ಲೇ ಬರಬೇಕು.

ಎಲ್ಲ ತಪ್ಪನ್ನೂ ಟ್ರಾಫಿಕ್ ಮೇಲೆ ಹಾಕುವಂತೆಯೂ ಇಲ್ಲ. ಗಾಡಿ ಹತ್ತುವ ಮೊದಲೇ ಮನೆಯಲ್ಲಿ ಹೊತ್ತು ಹೋಗಿರುತ್ತದೆ. ‘ಗ್ಯಾಸ್ ಇರಬೇಕು, ಸ್ವಲ್ಪ ಮಲಗಲಿ’ ಎನ್ನುತ್ತಾರೆ. ಬಿಸಿ ಕಾಫಿ ಕುಡಿಸುತ್ತಾರೆ. ನುಂಗಲಾಗದ ಗಂಟಲಿನಿಂದ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನಾಟಿ ಔಷಧಿಗೆ ಕರೆದೊಯ್ಯುವವರೂ ಇದ್ದಾರೆ. ಕೊನೆಗೆ ಆಸ್ಪತ್ರೆಯಲ್ಲಿ ‘ಬೆಳಿಗ್ಗೆ ಏಳುವಾಗಲೇ ಹೀಗಿತ್ತು’ ಎಂದರೆ ಗಡಿಯಾರ ಶುರುವಾಗುವುದು ಎದ್ದ ಹೊತ್ತಿನಿಂದ ಅಲ್ಲ, ಮಲಗಿದ ಹೊತ್ತಿನಿಂದ.

ಹತ್ತಿರದಲ್ಲೇ ಇಂಜೆಕ್ಷನ್ ಕೊಡಬಾರದೇ ಎನ್ನಬಹುದು. ಹೃದಯಾಘಾತಕ್ಕೆ ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಲಕ್ವಕ್ಕೂ ಅದೇ ಔಷಧ ಆಗುತ್ತದೆ. ಆದರೆ ಹೃದಯಕ್ಕೆ ಇಸಿಜಿ ಸಾಕು, ಮೆದುಳಿಗೆ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಹೆಪ್ಪಲ್ಲದೆ ರಕ್ತಸ್ರಾವವಾಗಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆದೀತು.

ಹಾಗಿದ್ದರೆ ಜೀನು ಮೂಕಗೊಳಿಸುವ ವಿದ್ಯೆಯಿಂದ ಲಕ್ವಕ್ಕೆ ಪ್ರಯೋಜನವೇ ಇಲ್ಲವೇ? ಇದೆ, ಅದೂ ಲಕ್ವ ಹೊಡೆಯುವ ಮೊದಲು. ಲಕ್ವ ತರುವ ರಕ್ತದೊತ್ತಡವನ್ನು ಏರಿಸುವ ಸರಪಳಿಯ ಮೊದಲ ಕೊಂಡಿ ಆಂಜಿಯೊಟೆನ್ಸಿನೊಜೆನ್. ಅದು ಮುಖ್ಯವಾಗಿ ತಯಾರಾಗುವುದು ಯಕೃತ್ತಿನಲ್ಲಿ. ಅದರ ಚೀಟಿ ಹರಿಯುವ ಜಿಲೆಬೆಸಿರಾನ್ ಎಂಬ ಔಷಧದ ಪರೀಕ್ಷೆಯ ಫಲ 2024ರಲ್ಲಿ ಹೊರಬಂತು: ಒಂದು ಇಂಜೆಕ್ಷನ್ ಕೊಟ್ಟು ಮೂರು ತಿಂಗಳಾದ ಮೇಲೂ ಮೇಲಿನ ಬಿ.ಪಿ. 10 ಅಂಕಕ್ಕೂ ಹೆಚ್ಚು ಕಡಿಮೆ ಇತ್ತು. ಮಿವೆಲ್‌ಸಿರಾನ್ ಎಂಬ ಇನ್ನೊಂದನ್ನು ಬೆನ್ನುಹುರಿಯ ದ್ರವಕ್ಕೆ ಕೊಟ್ಟು, ಮೆದುಳಿನ ನಾಳಗಳಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಕಟ್ಟಿಕೊಂಡು ರಕ್ತಸ್ರಾವವಾಗುವ ಕಾಯಿಲೆಯಲ್ಲಿ ಪರೀಕ್ಷಿಸುತ್ತಿದ್ದಾರೆ. ಮೆದುಳಿನ ಬಾಗಿಲು ನಿಧಾನವಾಗಿ ತೆರೆಯುತ್ತಿದೆ ಎನ್ನಲು ಅಡ್ಡಿಯಿಲ್ಲ.

ಮೂರು ತಿಂಗಳ ಇಂಜೆಕ್ಷನ್ನಿನ ಮಹತ್ವ ತಿಳಿಯಬೇಕಿದ್ದರೆ ಯಾವ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಾದರೂ ಅರ್ಧ ಗಂಟೆ ನಿಂತರೆ ಸಾಕು. ‘ಬಿ.ಪಿ. ನಾರ್ಮಲ್ ಬಂತು ಸಾರ್, ಮಾತ್ರೆ ಬಿಟ್ಟೆ’ ಎಂಬ ಮಾತು ಅಲ್ಲಿ ಕಿವಿಗೆ ಬೀಳದ ದಿನವಿಲ್ಲ. ಮಾತ್ರೆಯಿಂದಲೇ ನಾರ್ಮಲ್ ಬಂದದ್ದು ಎಂದು ಹೇಳಿ ಹೇಳಿ ವೈದ್ಯರಿಗೂ ಸಾಕಾಗಿದೆ. ಹೊಸಕೋಟೆಯ ಆ ಹಳೆ ಮದ್ರಾಸು ರಸ್ತೆ ಹಿಡಿದು ಹೋದರೆ ಸಿಗುವ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಹಳ್ಳಿಗರ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಹಮ್ಮಿಕೊಂಡಿದೆ. ಬಿ.ಪಿ., ಸಕ್ಕರೆ ಕಾಯಿಲೆ ಮೆದುಳಿಗೆ ಏನು ಮಾಡುತ್ತವೆ ಎಂಬುದೂ ಅದರ ಪ್ರಶ್ನೆಗಳಲ್ಲೊಂದು.

ಜಿಲೆಬೆಸಿರಾನ್ ಬರುವ ತನಕ ಅಗ್ಗದ ಅಮ್ಲೊಡಿಪಿನ್ ಮಾತ್ರೆಯೇ ಆ ಕೆಲಸ ಮಾಡುತ್ತದೆ, ದಿನಾ ನುಂಗಿದರೆ. ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ಬಾಯಿಗೆ ನೀರು ಕೂಡ ಹಾಕಬೇಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ, ರೋಗಿ ಕೊನೆಯದಾಗಿ ಸರಿಯಾಗಿದ್ದ ಗಂಟೆಯನ್ನು ಬರೆದುಕೊಂಡು ಹೋಗಿ.